ಸೆಕೆಯ ಊರಲ್ಲಿ ಮೈ ಬೆಚ್ಚಗೆ ಮಾಡಿಕೊಂಡದ್ದು

ಕೊಲ್ಲಿ ನಾಡಿನ ನಮ್ಮ ಡಿಸ್ಕವರಿ ಗಾರ್ಡನ್ಸ್ ಮನೆಯಲ್ಲಿ ಸೋಫಾಕ್ಕೂ ಊಟದ ಮೇಜಿಗೂ ನಡುವೆ ಒಂದು ಚಾಪೆ ಹಾಸುವಷ್ಟು ಜಾಗವಿದೆ. ಅಲ್ಲಿ ಕಾಲೆತ್ತಿದರೆ ಮೊಣಕಾಲು ಮೇಜಿಗೆ ಬಡಿಯುತ್ತದೆ, ಸೊಂಟ ತಿರುಗಿಸಿದರೆ ಮೊಣಕೈ ಫ್ರಿಜ್ಜಿಗೆ. ಕೆಲವು ತಿಂಗಳುಗಳಿಂದ ನನ್ನ ಬೆಳಗು ಶುರುವಾಗುವುದು ಆ ಇಕ್ಕಟ್ಟಿನಲ್ಲೇ, ಹೆಂಡತಿ ವಾರಿಜಾಳ ಉಸ್ತುವಾರಿಯಲ್ಲಿ. ಐವತ್ತರ ಹೊಸ್ತಿಲಲ್ಲಿರುವ ಗಂಡಸೊಬ್ಬ ಬನಿಯನ್-ಲುಂಗಿಯಲ್ಲಿ ಹಿಮದ ಮೇಲೆ ಜಾರಲು ತಯಾರಾಗುವ ಚಂದವನ್ನು ನೆನೆದು ನೀವು ನಗುವುದಾದರೆ ನಗಬಹುದು, ನನ್ನದೇನೂ ಅಡ್ಡಿಯಿಲ್ಲ.

ಮಾಲೊಂದರ ಹೊಟ್ಟೆಯೊಳಗೆ ಹಿಮ ಸುರಿಸಿ ಇಳಿಜಾರು ಮಾಡಿದ್ದಾರಲ್ಲ, ಅಲ್ಲಿ ನನ್ನ ಜೊತೆ ಸ್ಕೀಯಿಂಗ್ ಮಾಡಬೇಕೆಂಬುದು ಮಗಳು ಸಾನ್ವಿಯ ಬಹುದಿನದ ಆಸೆ. ಮಾತು ಕೊಟ್ಟು ನಾನು ಜಾರುವ ಮೊದಲೇ ನನ್ನ ಬೆನ್ನಿನ ಡಿಸ್ಕು ಜಾರಿತು. ಹಾಸಿಗೆಯಿಂದ ಏಳುವುದಕ್ಕೂ ವಾರಿಜಾ ಬಂದು ಎಬ್ಬಿಸಬೇಕಾದ ದಿನಗಳು ಅವು. ಈಗ ನೋವು ಇಳಿದಿದೆ. ಡಾಕ್ಟರೂ ಒಪ್ಪಿದ್ದಾರೆ, ಹೊಸಬರು ಕಲಿಯುವ ಸಣ್ಣ ಇಳಿಜಾರಿಗೆ ಮಾತ್ರ, ಅದೂ ಮೈಯನ್ನು ಚೆನ್ನಾಗಿ ಬೆಚ್ಚಗೆ ಮಾಡಿಕೊಂಡ ಮೇಲೆ. ಬೇಸಿಗೆ ರಜೆಯಲ್ಲಿ ಸಾನ್ವಿ ಕಾಲೇಜಿಗೆಂದು ಮಂಗಳೂರಿಗೆ ಹೊರಡುತ್ತಾಳೆ. ಆಮೇಲೆ ಅಪ್ಪನ ಜೊತೆ ಜಾರುವ ಆಸೆ ಅವಳಲ್ಲಿ ಉಳಿದಿರುತ್ತದೆಂದು ಹೇಳುವವರು ಯಾರು?

ಮೊದಲ ದಿನವೇ ನಾನು ತಕರಾರು ತೆಗೆದಿದ್ದೆ. "ಹೊರಗೆ ಈ ನಮೂನೆ ಸೆಕೆ ಉಂಟು, ಇನ್ನು ಮೈ ಬಿಸಿ ಮಾಡ್ಲಿಕ್ಕೆ ಎಂತ ಉಂಟು ಮಾರಾಯ್ತಿ?"

"ಸೆಕೆ ಇರುವುದು ರಸ್ತೆಯಲ್ಲಿ. ನೀವು ಇಡೀ ದಿನ ಕೂತ್ಕೊಳ್ಳುವುದು ಏಸಿಯಲ್ಲಿ. ಸುಮ್ಮನೆ ಕಾಲೆತ್ತಿ ಮಾರಾಯ್ರೆ."

ಹೌದಲ್ಲ. ಸುಡುವ ಬಿಸಿಲಿನ ದೇಶದಲ್ಲಿ ಬಿಸಿಲನ್ನು ತಪ್ಪಿಸಿಕೊಂಡೇ ನಾವು ಸಂಸಾರ ಮಾಡಿದೆವು. ಮನೆಯಿಂದ ಕಾರು, ಕಾರಿನಿಂದ ಲಿಫ್ಟು, ಲಿಫ್ಟಿನಿಂದ ಕುರ್ಚಿ, ಹೀಗೆ ತಂಪಿನಿಂದ ತಂಪಿಗೆ ದಾಟುತ್ತ ದಾಟುತ್ತ ಕೀಲುಗಳು ಯಾವಾಗ ಬಿಗಿದುಕೊಂಡವೋ ತಿಳಿಯಲೇ ಇಲ್ಲ. ನಿಂತಲ್ಲೇ ನಡೆದು, ಭುಜ ತಿರುಗಿಸಿ, ಉಸಿರು ಚುರುಕಾದ ಮೇಲೆ ತೊಡೆಯನ್ನೂ ಮೀನಖಂಡವನ್ನೂ ಮೆಲ್ಲಗೆ ಎಳೆದು ಹಿಡಿದಾಗ ಒಳಗೆಲ್ಲೋ ಹಿತವಾದ ಕಾವು ಹಬ್ಬುತ್ತದೆ. ಯಾವ ಸೂರ್ಯನೂ ಕೊಡದ ಕಾವು ಅದು. ಇಷ್ಟು ವರ್ಷ ನನ್ನನ್ನು ಹೊತ್ತು ತಿರುಗಿದ ಈ ಕಾಲುಗಳನ್ನು ನಾನು ಮಾತನಾಡಿಸಿಯೇ ಇರಲಿಲ್ಲ. ನೋವಿನ ದೆಸೆಯಿಂದಾದರೂ ಪರಿಚಯವಾಯಿತಲ್ಲ ಎಂದು ಈಗ ಕೃತಜ್ಞನಾಗಿದ್ದೇನೆ.

ಕಳೆದ ಶನಿವಾರ ಹೋದೆವು. ವಾರಿಜಾ ಚಳಿಗೆ ಒಳಗೆ ಬರಲೊಲ್ಲೆನೆಂದು ಗಾಜಿನ ಗೋಡೆಯ ಹೊರಗೇ ನಿಂತಳು. ಬಾಡಿಗೆಯ ಜಾಕೆಟ್ ತೊಟ್ಟು ಮೂಲೆಯಲ್ಲಿ ನಾನು ಮೊಣಕಾಲೆತ್ತತೊಡಗಿದಾಗ ಸಾನ್ವಿ ಆಚೀಚೆ ನೋಡಿ ಪಿಸುಗುಟ್ಟಿದಳು: "ಪಪ್ಪಾ, ಎವ್ರಿವನ್ ಈಸ್ ವಾಚಿಂಗ್." ಮರುಗಳಿಗೆಯಲ್ಲಿ ತಾನೂ ಪಕ್ಕದಲ್ಲಿ ನಿಂತು ಮೊಣಕಾಲೆತ್ತಿದಳು. "ಓಕೆ, ಯಲ್ಲಾ," ಎಂದಳು, ಇಲ್ಲಿನ ಅರಬಿಯಲ್ಲಿ 'ನಡಿ, ಹೋಗೋಣ' ಎಂಬಂತೆ.

ತರಬೇತುದಾರ ಹೇಳಿಕೊಟ್ಟಂತೆ ಮಂಡಿ ಬಾಗಿಸಿ ಹೊರಟವನು ಅರ್ಧ ದಾರಿಯಲ್ಲಿ ಮಗುಚಿಬಿದ್ದೆ. ನೋವಾಗಲಿಲ್ಲ. ಬಿದ್ದಲ್ಲಿಂದಲೇ ತಲೆಯೆತ್ತಿದರೆ ಗಾಜಿನಾಚೆ ವಾರಿಜಾ. ನನ್ನನ್ನು ಎಬ್ಬಿಸಲು ಮುಂದಾದ ಅವಳ ಕೈ ಗಾಜಿಗೆ ತಾಗಿ ಅಲ್ಲೇ ನಿಂತಿತ್ತು. ಅದನ್ನು ಕಂಡು ನನಗೆ ಅಳು ಬಂತು. ಆ ಕೈ ಎಷ್ಟು ಬೆಳಗುಗಳಲ್ಲಿ ನನ್ನ ಭಾರ ಹೊತ್ತಿತ್ತೆಂದು ಅಷ್ಟು ಸ್ಪಷ್ಟವಾಗಿ ನಾನು ಎಂದೂ ನೋಡಿರಲಿಲ್ಲ.

ಬದಿಗೆ ಹೊರಳಿ, ಕಾಲುಗಳನ್ನು ಕೆಳಗೆ ಸೇರಿಸಿಕೊಂಡು, ಕೈಯಲ್ಲಿದ್ದ ಸ್ಕೀ ಕೋಲೂರಿ ನಿಧಾನವಾಗಿ ಎದ್ದೆ. ಬೆನ್ನು ಮಾತು ಕೇಳಿತು. ಕೆಳಗೆ ಸಾನ್ವಿ ಕಾಯುತ್ತಿದ್ದಳು. ಅವಳತ್ತ ಜಾರುವ ಮೊದಲು ಇನ್ನೊಮ್ಮೆ ಗಾಜಿನ ಕಡೆ ನೋಡಿದೆ. ನಾನು ಎದ್ದು ನಿಂತಾಗಿತ್ತು. ವಾರಿಜಾ ಇನ್ನೂ ಕೈ ಇಳಿಸಿರಲಿಲ್ಲ.