ಕಾಲೇಜಿನ ಹಿಂದಿನ ಭೂತ

ಎಂಬತ್ತರ ದಶಕದ ಮಾತು. ಹಾವೇರಿಯಿಂದ ದಿನಾ ಬೆಳಗಿನ ಬಸ್ಸು ಹಿಡಿದು ರಾಣೆಬೆನ್ನೂರಿನ ಕಾಲೇಜಿಗೆ ಸಸ್ಯಶಾಸ್ತ್ರ ಕಲಿಸಲು ಹೋಗುತ್ತಿದ್ದೆ. ಕಾಲೇಜು ಊರ ಹೊರಗಿತ್ತು. ಮುಂದೆ ರಸ್ತೆ, ಹಿಂದೆ ಕಾಲೇಜಿನದೇ ದೊಡ್ಡ ಬಯಲು, ಅದರ ತುಂಬ ಹುಲ್ಲು. ನಾನು ಅದನ್ನು ‘ಖಾಲಿ ಜಾಗ’ ಎನ್ನುತ್ತಿದ್ದೆ. ತರಗತಿಯಲ್ಲಿ ಹುಲ್ಲಿನ ಕುಟುಂಬದ ಬಗ್ಗೆ ಗಂಟೆಗಟ್ಟಲೆ ಕೊರೆಯುವವನಿಗೆ ಕಿಟಕಿಯಾಚೆ ಮೊಣಕಾಲೆತ್ತರ ನಿಂತ ಹುಲ್ಲು ಕಾಣುತ್ತಿರಲಿಲ್ಲ. ಅಂಥ ಜಾಣ ನಾನು.

ಆ ವರ್ಷ ವನಮಹೋತ್ಸವದ ಉಸ್ತುವಾರಿ ನನ್ನ ಕೊರಳಿಗೆ ಬಿತ್ತು. ನೀಲಗಿರಿ ಸಸಿಗಳು ಬಂದಿಳಿದವು. ಸೋಮವಾರ ಪ್ರಿನ್ಸಿಪಾಲರು ಮೊದಲ ಸಸಿ ನೆಡುವುದರೊಳಗೆ ಬಯಲಿನ ತುಂಬ ಗುಂಡಿ ತೋಡಿ ಮುಗಿಸಬೇಕಿತ್ತು. ವಿದ್ಯಾರ್ಥಿಗಳಿಗೆ ಗುದ್ದಲಿ ಕೊಟ್ಟು, ನಾನೇ ಹಗ್ಗ ಹಿಡಿದು ಸಾಲು ಹಾಕಿಸಿದೆ. ಶನಿವಾರ ಮಧ್ಯಾಹ್ನಕ್ಕೆ ಇತ್ತ ಕಡೆಯ ಕಾಲು ಭಾಗ ಮುಗಿದಿತ್ತು.

ಆಗ ನಮ್ಮ ಮಾಲಿ ಗುದ್ದಲಿ ಕೆಳಗಿಟ್ಟರು. ಹಲಗೇರಿಯಿಂದ ಸೈಕಲ್ ತುಳಿದು ಬರುತ್ತಿದ್ದ ಹಿರಿಯರು. ಎಲ್ಲರೂ ಅವರನ್ನು ಚಾಚಾ ಎನ್ನುತ್ತಿದ್ದರು.

“ಇನ್ನ ಮುಂದ ಬ್ಯಾಡ್ರಿ ಸರ,” ಎಂದರು. “ಅತ್ತಾಗ ಎರಿಭೂತ ಐತಿ.”

ಎರಿ ಎಂದರೆ ಕಪ್ಪು ಮಣ್ಣು. ಭೂತ ಎಂದರೆ ಭೂತವೇ. ನನ್ನ ಪಿತ್ತ ನೆತ್ತಿಗೇರಿತು. ಭೂತ, ದೆವ್ವ, ಮಾಟ ಎಂದರೆ ಮೈಯೆಲ್ಲ ಉರಿಯುತ್ತಿದ್ದ ವಯಸ್ಸದು. ಎಲ್ಲರನ್ನೂ ನಿಲ್ಲಿಸಿಕೊಂಡು ಕಾಲು ಗಂಟೆ ವೈಚಾರಿಕತೆಯ ಭಾಷಣ ಬಿಗಿದೆ. ಕೊನೆಗೆ, “ಭೂತಾನೂ ಇಲ್ಲ ಗೀತಾನೂ ಇಲ್ಲ. ಇದ್ರ ನನಗ ತೋರಸ್ರಿ ನೋಡೂಣು,” ಎಂದೆ.

“ತೋರಸ್ತೀನ್ರಿ. ಬೂಟು ಬಿಚ್ಚಿ ಬರ್ರಿ. ಸಪ್ಪಳ ಆಗಬಾರದು.”

ಭೂತ ನೋಡಲು ಬರಿಗಾಲು ಬೇರೆ. ವಿದ್ಯಾರ್ಥಿಗಳು ಕಿಸಕ್ಕನೆ ನಕ್ಕರು. ನಾನೂ ನಗುತ್ತಲೇ ಬೂಟು ಬಿಚ್ಚಿ ಚಾಚಾ ಅವರ ಬೆನ್ನು ಹಿಡಿದೆ. ಬಹಳ ದೂರ ನಡೆದೆವು. ಹೆಜ್ಜೆಗೊಂದು ಮಿಡತೆ ಹಾರುತ್ತಿತ್ತು. ಹುಲ್ಲಿನ ಬುಡದಲ್ಲಿ ನನಗೆ ಹೆಸರು ಗೊತ್ತಿಲ್ಲದ ನೀಲಿ ಹೂಗಳಿದ್ದವು. ಒಂದು ಕಡೆ ಚಾಚಾ ನನ್ನ ಭುಜ ಒತ್ತಿ ಕೂಡಿಸಿದರು. ಎದುರಿಗೆ ಹುಲ್ಲು, ಒಂದು ಒಣ ಮೋಟು, ಮತ್ತೆ ಹುಲ್ಲು.

ಆ ಮೋಟು ಕತ್ತು ತಿರುಗಿಸಿತು.

ಆಮೇಲೆ ಎದ್ದು ನಿಂತಿತು. ನನ್ನ ಸೊಂಟದೆತ್ತರದ ಹಕ್ಕಿ. ಉದ್ದನೆಯ ಬೂದುಬಿಳಿ ಕತ್ತು, ನೆತ್ತಿಯ ಮೇಲೆ ಕಪ್ಪು ಟೊಪ್ಪಿಗೆ. ನಮ್ಮನ್ನು ಕಂಡರೂ ಗಡಿಬಿಡಿ ಇಲ್ಲ. ಮನೆಯ ಯಜಮಾನಿಯ ಹಾಗೆ ಒಂದೊಂದೇ ಹೆಜ್ಜೆ ಇಟ್ಟು ಪಕ್ಕಕ್ಕೆ ಸರಿಯಿತು. ಅದು ಕೂತಿದ್ದಲ್ಲಿ ಗೂಡಿಲ್ಲ, ಕಡ್ಡಿಯಿಲ್ಲ, ಬರೀ ನೆಲ. ನೆಲದ ಮೇಲೆ ಒಂದೇ ಒಂದು ಮೊಟ್ಟೆ. ಇಷ್ಟು ದೊಡ್ಡ ಜೀವ ನನ್ನ ಕಿಟಕಿಯ ಎದುರಿಗೇ ಬಾಳುತ್ತಿತ್ತು, ನಾನು ಆ ಬಯಲನ್ನು ಖಾಲಿ ಜಾಗ ಎಂದಿದ್ದೆ.

“ಇದ್ದಲ್ಲೇ ಮಾಯ ಆಗತೈತ್ರಿ. ಅದಕ್ಕ ಭೂತ ಅಂತೀವಿ,” ಚಾಚಾ ಪಿಸುಗುಟ್ಟಿದರು. “ವರ್ಷಕ್ಕ ಒಂದ ತತ್ತಿ. ಅದು ಹೋತಂದ್ರ ಮುಗೀತು.”

“ಸುತ್ತ ಗಿಡ ಹಚ್ಚಿದ್ರ ನೆರಳಾಗತೈತೆಲ್ಲ?”

“ಅದಕ್ಕ ನೆರಳು ಬ್ಯಾಡ್ರಿ. ನಾಕೂ ಕಡೆ ಕಣ್ಣು ಹಾಯಬೇಕು. ಗಿಡ ಬಂದ್ರ ಅದು ಹೊಂಟಹೋಗತೈತಿ.”

ವಾಪಸು ಬಂದಾಗ ಅರವತ್ತು ಜನ ಗುದ್ದಲಿ ಹಿಡಿದು ಕಾಯುತ್ತಿದ್ದರು. ಬ್ಯಾಡಗಿಯಿಂದ ಬರುತ್ತಿದ್ದ, ಬಾಯಿ ಜೋರಿದ್ದ ವಿದ್ಯಾರ್ಥಿಯೊಬ್ಬ, “ಸರ, ಭೂತ ಕಂಡಿತೇನ್ರಿ?” ಎಂದ. ಮತ್ತೆ ನಗು. ಹಕ್ಕಿ ಎಂದೆನೋ, ಅರವತ್ತೂ ಜನ ನೋಡಲು ಓಡುತ್ತಾರೆ. ಆ ಮೊಟ್ಟೆ ಯಾರದೋ ಕಾಲಡಿ ಅಪ್ಪಚ್ಚಿ. ಚಾಚಾ ನನ್ನ ಮುಖವನ್ನೇ ನೋಡುತ್ತಿದ್ದರು. ಭಾಷಣ ಬಿಗಿದ ಬಾಯಿ ಇನ್ನೂ ಆರಿರಲಿಲ್ಲ.

“ಹೌದು,” ಎಂದೆ. “ಐತಿ. ಅತ್ತಾಗ ಯಾರೂ ಹೋಗಬ್ಯಾಡ್ರಿ. ಸಸಿ ಎಲ್ಲಾ ರಸ್ತೆ ಕಡೆ ತರ್ರಿ.”

ಒಬ್ಬರೂ ನಗಲಿಲ್ಲ. ನಾನು ಹೇಳಿದ ಯಾವ ವಿಜ್ಞಾನವನ್ನೂ ಅವರು ಅಷ್ಟು ಲಗುಬಗೆಯಿಂದ ನಂಬಿರಲಿಲ್ಲ. ಪ್ರಿನ್ಸಿಪಾಲರಿಗೆ ಮಾತ್ರ ಗುಟ್ಟಾಗಿ ನಿಜ ತಿಳಿಸಿದೆ. ಅವರು ಗೇಟಿನ ಬಳಿ ಸಸಿ ನೆಟ್ಟು ಸುಮ್ಮನಾದರು. ಮುಂದಿನ ತಿಂಗಳು ಚಾಚಾ ನನ್ನನ್ನು ಮತ್ತೆ ಬರಿಗಾಲಲ್ಲಿ ಕರೆದೊಯ್ದರು. ತಾಯಿಯ ಹಿಂದೆ ಮಣ್ಣುಬಣ್ಣದ ಮರಿಯೊಂದು ತಡವರಿಸುತ್ತ ನಡೆಯುತ್ತಿತ್ತು. ನಾನು ಕಣ್ಣು ಮಿಟುಕಿಸುವುದರೊಳಗೆ ಎರಡೂ ಮಾಯ. ಆ ಸಂತೋಷಕ್ಕೆ ಚಾಚಾ ಅವರನ್ನು ತಬ್ಬಿಕೊಂಡೆ.

ನಮ್ಮ ಬಯಲನ್ನು ಯಾರೂ ಮುಟ್ಟಲಿಲ್ಲ. ಆದರೆ ಸುತ್ತಲಿನ ಬಯಲುಗಳಲ್ಲಿ ನೀಲಗಿರಿ ಎದ್ದಿತು. ಕೆಲವು ವರ್ಷ ಬಂದು ಹೋದ ಹಕ್ಕಿ ಆಮೇಲೆ ಬರಲಿಲ್ಲ. ಚಾಚಾ ನಿವೃತ್ತರಾಗುವವರೆಗೂ ನಾವಿಬ್ಬರೂ ಜುಲೈನಲ್ಲಿ ಬೂಟು ಬಿಚ್ಚಿ ಹೋಗಿ ನೋಡಿ ಬರುತ್ತಿದ್ದೆವು.

ತೊಂಬತ್ತರ ದಶಕದ ಕೊನೆಗೆ ಬ್ಯಾಡಗಿ ಮಾರುಕಟ್ಟೆಯಲ್ಲಿ ಆ ಬಾಯಿ ಜೋರಿನ ವಿದ್ಯಾರ್ಥಿ ಸಿಕ್ಕ. ಮೆಣಸಿನಕಾಯಿ ದಲಾಲಿಯಾಗಿದ್ದ. ಚಹಾ ತರಿಸಿ, ದನಿ ತಗ್ಗಿಸಿ ಕೇಳಿದ:

“ಸರ, ಆ ಭೂತ ಇನ್ನೂ ಐತೇನ್ರಿ?”

“ಇಲ್ಲಪಾ. ಈಗಿಲ್ಲ.”

“ಚಲೋ ಆತ್ ಬಿಡ್ರಿ,” ಎಂದು ನಿಟ್ಟುಸಿರು ಬಿಟ್ಟ. ನನ್ನ ಕಣ್ಣು ನೋಡಿ ಗಾಬರಿಯಾಗಿ, “ಮೆಣಸಿನಕಾಯಿ ಘಾಟು ಬಡೀತೇನ್ರಿ ಸರ?” ಎಂದು ಕರ್ಚೀಫು ಚಾಚಿದ.

ನಾನು ಹೌದೆಂದೆ.