ತಾರ್ ಬಂದ ಮಧ್ಯಾಹ್ನ

ಹಳೆಯ ಕರೆಂಟಿನ ವೈರಿನ ಸಿಪ್ಪೆ ಸುಲಿದು ತಾಮ್ರ ತೆಗೆಯುವುದು ನಮ್ಮ ಮನೆಯ ಕಸುಬಾಗಿತ್ತು. ಬೀದರ್ ಕಡೆಯವರಾದ ನಾವು ಆಗ ಔರಂಗಾಬಾದಿನಲ್ಲಿದ್ದೆವು. ಊರಿಗೆ ಈಗ ಬೇರೆ ಹೆಸರು. ಯಜಮಾನರು ನಾಸಿಕ್, ಮಾಲೇಗಾಂವ್ ಕಡೆ ತಿರುಗಿ, ಕೆಡವುವ ಮನೆಗಳ, ಮುಚ್ಚಿದ ಮಗ್ಗದ ಶೆಡ್ಡುಗಳ ವೈರಿಂಗ್ ಕೊಂಡು ತರುತ್ತಿದ್ದರು. ಸುಲಿಯುವವರು ನಾನು ಮತ್ತು ಅತ್ತೆ. ಸುಟ್ಟರೆ ಕೆಲಸ ಬೇಗ ಆಗುತ್ತದೆ ನಿಜ, ಆದರೆ ತಾಮ್ರ ಕಪ್ಪಾಗಿ ಗುಜರಿ ವ್ಯಾಪಾರಿ ಮೂಗು ಮುರಿಯುತ್ತಾನೆ. ಹಾಗಾಗಿ ವೈರಿನ ಒಂದು ತುದಿಯನ್ನು ಕಾಲ್ಬೆರಳ ಸಂದಿಗೆ ಸಿಕ್ಕಿಸಿಕೊಂಡು, ಚಾಕುವಿನಿಂದ ಉದ್ದಕ್ಕೂ ಸೀಳಿ ಎಳೆಯುತ್ತಿದ್ದೆವು. ಮೇಲಿನ ನೂಲಿನ ಹೊದಿಕೆ ಮುಗ್ಗಲು ನಾರುತ್ತಿತ್ತು, ಅದರ ಕೆಳಗಿನ ರಬ್ಬರು ಪುಡಿಯಾಗಿ ಮುಖಕ್ಕೆ ಹಾರುತ್ತಿತ್ತು. ಒಳಗಿನ ತಾಮ್ರ ಮಾತ್ರ ನಿನ್ನೆ ಮಾಡಿದ್ದೋ ಎಂಬಷ್ಟು ಕೆಂಪಗೆ. ಸುಲಿದು ಹಾಕಿದ ಮೇಲೂ ಅದು ಸುಮ್ಮನೆ ಬಿದ್ದಿರುತ್ತಿರಲಿಲ್ಲ; ರಾಶಿಯಲ್ಲಿ ತನ್ನಷ್ಟಕ್ಕೆ ಸುರುಳಿ ಬಿಚ್ಚಿಕೊಳ್ಳುತ್ತ ಟಿಕ್ ಟಿಕ್ ಎಂದು ಮಿಸುಕುತ್ತಿತ್ತು. ನನಗೆ ಅಂಜಿಕೆ. "ಇನ್ನಾ ಜೀವ ಐತಿ ಅದರಾಗ" ಎನ್ನುತ್ತಿದ್ದರು ಅತ್ತೆ, ಬೇಳೆ ಇನ್ನೂ ಬೆಂದಿಲ್ಲ ಎನ್ನುವಷ್ಟೇ ಸಲೀಸಾಗಿ.

ಒಂದು ಬೆಳಿಗ್ಗೆ ಯಜಮಾನರು ಮಾಲೇಗಾಂವಿಗೆ ಹೊರಟು ಅಂಗಳದಲ್ಲಿ ಚಪ್ಪಲಿ ಮೆಟ್ಟುತ್ತಿದ್ದಾಗ, ಗೋಡೆಯ ಮೇಲಿದ್ದ ಕಾಗೆ ಇಳಿದು ಬಂದು ಅವರ ತಲೆಗೆ ಬಡಿಯಿತು. ಬಡಿದು ದೂರ ಹಾರಲಿಲ್ಲ, ಮತ್ತೆ ಅದೇ ಗೋಡೆಯ ಮೇಲೆ ಕೂತಿತು. ಅತ್ತೆ ಬಿಳಿಚಿಕೊಂಡರು. ಕಾಗೆ ತಲೆ ಮುಟ್ಟಿದರೆ ಸಾವು ಬೆನ್ನಿಗಿದೆ ಎಂದು ನಮ್ಮವರ ನಂಬಿಕೆ. ಅದಕ್ಕೆ ಪರಿಹಾರವೂ ಉಂಟು: ಆ ಮನುಷ್ಯ ಸತ್ತನೆಂದು ದೂರದ ನೆಂಟರಿಗೆ ಸುಳ್ಳು ಸುದ್ದಿ ಕಳಿಸಬೇಕು. ಅವರು ನಿಜವೆಂದೇ ನಂಬಿ ಅತ್ತರೆ ಗಂಡಾಂತರ ಕಳೆಯಿತು, ಆಮೇಲೆ ಸುಳ್ಳೆಂದು ತಿಳಿಸಿದರಾಯಿತು.

"ತಲಿ ಮ್ಯಾಲ ಒಂದ್ ತಂಬಿಗಿ ನೀರ್ ಸುರಕೊಂಡು ಹೋಗ್ತೀನಿ, ಬಿಡವ್ವಾ" ಎಂದು ನಕ್ಕು, ಹಾಗೆಯೇ ಮಾಡಿ ಯಜಮಾನರು ಹೊರಟುಹೋದರು.

ಅತ್ತೆ ಬಿಡುವವರೇ? ಅವರ ಮಗಳು ಭಾಲ್ಕಿಯಲ್ಲಿ ತುಂಬು ಬಸುರಿ. ಅಲ್ಲಿಗೆ ಅಂಥ ಸುದ್ದಿ ಕಳಿಸುವಂತಿಲ್ಲ. ಉಳಿದದ್ದು ನನ್ನ ತವರು.

"ನಿಮ್ಮ ಅಪ್ಪಗ ಒಂದು ತಾರ್ ಹೊಡೀ" ಎಂದರು. ತಾರ್ ಎಂದರೆ ಟೆಲಿಗ್ರಾಂ.

"ಅಪ್ಪಗ ಎದಿನೋವು ಬಂದು ಇನ್ನಾ ತಿಂಗಳ ಆಗಿಲ್ಲರಿ ಅತ್ತಿ. ಅಳಿಯ ಹೋದ ಅಂತ ಕೇಳಿದ್ರ ಅವರು ಉಳೀತಾರೇನ್ರಿ?"

"ನಿನ್ನ ಕುಂಕುಮದ ಮಾತವಾ ಇದು. ನಿಮ್ಮಪ್ಪ ಒಂದ್ ಗಳಿಗಿ ಅಳ್ತಾನ, ಅಷ್ಟ."

ಅಂಚೆ ಕಚೇರಿಗೆ ಹೋಗಿ ಫಾರ್ಮಿನ ಮೇಲೆ ಅಪ್ಪನ ಹೆಸರು ಬರೆದೆ. ಮುಂದೆ ಗಂಡನ ಹೆಸರು ಬರೆದು, ಅದರ ಪಕ್ಕದಲ್ಲಿ ಸತ್ತರೆಂದು ಬರೆಯಬೇಕು. ಕೈ ಏಳಲಿಲ್ಲ. ಒಂದು ಕಾಗೆಯ ಮಾತು ಕೇಳಿ ಹೆತ್ತ ಅಪ್ಪನನ್ನು ಕೊಲ್ಲಲೇ ಎಂದು ಸಿಟ್ಟೂ ಬಂತು. ಫಾರ್ಮು ಹರಿದೆಸೆದು ಮನೆಗೆ ಬಂದು, ಕಳಿಸಿದೆ ಎಂದು ಸುಳ್ಳು ಹೇಳಿದೆ. ಕಾಗೆ ಗೋಡೆಯ ಮೇಲೆಯೇ ಇತ್ತು. ಅದೇ ಕಾಗೆಯೋ ಬೇರೆಯದೋ, ಯಾರಿಗೆ ಗೊತ್ತು? ಸಿಟ್ಟು ಇಳಿಯಿತು, ಹೆದರಿಕೆ ಹತ್ತಿತು.

ಮರುದಿನ ಮಧ್ಯಾಹ್ನ ಬಿಸಿಲಿಗೆ ಓಣಿಯೆಲ್ಲ ಮಲಗಿತ್ತು. ರಬ್ಬರು ಸೀಳುವ ಸದ್ದು, ರಾಶಿಯ ಟಿಕ್ ಟಿಕ್, ಇಷ್ಟೇ. ಬಾಗಿಲ ಹೊರಗಿನಿಂದ ಯಾರೋ ಮರಾಠಿಯಲ್ಲಿ ಕೂಗಿದರು: "ತಾರ್ ಆಲೀ!"

ತಾರ್ ಬಂತು. ಅತ್ತೆಯ ಮುಖ ಅರಳಿತು. "ನಿಮ್ಮಪ್ಪಂದ! ಅತ್ತಾರ ನೋಡು, ಪೀಡಾ ಹೋತು" ಎಂದರು. ಕಳಿಸದ ತಾರಿಗೆ ಉತ್ತರ ಬರುವುದಿಲ್ಲವೆಂದು ಗೊತ್ತಿದ್ದವಳು ನಾನೊಬ್ಬಳೇ. ಹಾಗಾದರೆ ಇದು ಮಾಲೇಗಾಂವಿನಿಂದ ಬಂದದ್ದು. ನಾನು ಬರೆಯಲೊಲ್ಲದ ಮಾತನ್ನು ಅಲ್ಲಿ ಯಾರೋ ಬರೆದಿದ್ದಾರೆ. ಚಾಕು ಕೈಜಾರಿತು. ಎದೆ ಬಡಿದುಕೊಂಡು, ರಬ್ಬರಿನ ಪುಡಿಯಲ್ಲಿ ಹೊರಳಾಡಿ, ಜನ್ಮದಲ್ಲಿ ಅತ್ತಿರದ ಹಾಗೆ ಅತ್ತುಬಿಟ್ಟೆ.

ಬಾಗಿಲಲ್ಲಿ ನಿಂತಿದ್ದವನು ಕೈಗಾಡಿಯವನು. ಯಜಮಾನರು ಮೊದಲೇ ಲಾರಿಗೆ ಹಾಕಿ ಕಳಿಸಿದ್ದ ವೈರಿನ ಕಟ್ಟುಗಳನ್ನು ತಂದಿದ್ದ. ಮರಾಠಿಯಲ್ಲಿ ವೈರಿಗೂ ತಾರ್, ಟೆಲಿಗ್ರಾಮಿಗೂ ತಾರ್. ಯಾವಾಗಲೂ ಬರುವವನು "ಮಾಲ್" ಎಂದು ಕೂಗುತ್ತಿದ್ದ, ಇವನು ಹೊಸಬ. ಪಾಪ, ಏನು ತಪ್ಪು ಮಾಡಿದೆನೋ ಎಂದು ಕಟ್ಟು ಇಳಿಸಿದವನೇ ಹೊರಟುಹೋದ. ನಾನು ನಗಲೂ ಆಗದೆ ಅಳು ನಿಲ್ಲಿಸಲೂ ಆಗದೆ ಕೂತೆ.

ಮರುದಿನ ಬೆಳಿಗ್ಗೆ ಯಜಮಾನರು ಬಂದರು. ಬಲಗೈಗೆ ಬಟ್ಟೆ ಸುತ್ತಿತ್ತು. ಶೆಡ್ಡಿನ ಕರೆಂಟು ತೆಗೆಸಿದ್ದೇವೆ ಎಂದು ಅದರ ಮಾಲೀಕರು ಹೇಳಿದ್ದರಂತೆ. ಒಂದು ವೈರಿನಲ್ಲಿ ಉಳಿದಿತ್ತು. ಇವರು ಅದಕ್ಕೆ ಕೈ ಅಂಟಿ, ಕೂಗಲು ಬಾಯಿಯೂ ಬಾರದೆ ನಿಂತಿದ್ದರಂತೆ.

"ಹತ್ರ ಯಾರೂ ಇರಲಿಲ್ಲ. ವೈರ್ ತಾನಾ ಮ್ಯಾಲಿಂದ ಕಿತ್ತು ಬಿತ್ತು" ಎಂದರು.

"ಯಾವಾಗ್ರಿ?" ಎಂದೆ.

"ನಿನ್ನಿ, ಊಟಾ ಮುಗಿಸಿ ಆಗಷ್ಟ ಎದ್ದಿದ್ದೆ."

ನಮ್ಮ ಬಾಗಿಲಿಗೆ ಕೈಗಾಡಿ ಬಂದ ಹೊತ್ತು ಅದು.

"ನಿಮ್ಮಪ್ಪನ ಕಣ್ಣೀರು ಉಳಿಸ್ತು ನನ್ನ ಮಗನ್ನ. ಈಗ ಕಾರ್ಡ್ ಬರಿ, ಸುದ್ದಿ ಸುಳ್ಳು ಅಂತ" ಎಂದರು ಅತ್ತೆ.

ಸುಳ್ಳಿನ ಮೇಲೆ ಸುಳ್ಳು ಪೇರಿಸಲು ನನ್ನಿಂದಾಗಲಿಲ್ಲ. "ನಾ ತಾರ್ ಕಳಸೇ ಇಲ್ಲರಿ ಅತ್ತಿ" ಎಂದೆ. ಬೈಗುಳಕ್ಕೆ ತಯಾರಾಗಿಯೇ ನಿಂತಿದ್ದೆ. ಅವರು ಬೈಯಲಿಲ್ಲ. "ಹಂಗಾರ ಅತ್ತವರು ಯಾರು?" ಎಂದರು. ನಾನು ಬಾಯಿ ತೆರೆಯುವ ಮೊದಲೇ ಅವರಿಗೆ ಉತ್ತರ ಸಿಕ್ಕಿತ್ತು. ಅಂದಿನಿಂದ ಅವರು ನನ್ನೊಡನೆ ದನಿಯೇರಿಸಿ ಮಾತಾಡಲಿಲ್ಲ.

ಅಪ್ಪ ಅದಾದ ಮೇಲೂ ಬಹಳ ವರ್ಷ ಬದುಕಿದರು. ಯಜಮಾನರ ಬಲಗೈಯ ಎರಡು ಬೆರಳು ಮಾತ್ರ ಮತ್ತೆ ಮಡಚಲಿಲ್ಲ. ಅವರು ತುತ್ತು ಕಲಸಲು ಕಷ್ಟಪಡುವುದನ್ನು ನೋಡಿದಾಗಲೆಲ್ಲ ಅತ್ತೆ ನನ್ನ ಕಡೆ ತಿರುಗಿ, ಸಿಟ್ಟಿಲ್ಲದೆ, ಮೆಲ್ಲಗೆ ಹೇಳುತ್ತಿದ್ದರು: "ಸ್ವಲ್ಪ ಮೊದಲ ಅತ್ತಿದ್ರ ಬೆರಳೂ ಉಳೀತಿದ್ವವಾ."

ಅಲ್ಲವೆನ್ನಲು ನನಗೆ ಒಮ್ಮೆಯೂ ಧೈರ್ಯವಾಗಲಿಲ್ಲ.