ಮಾಂಸದಂಗಡಿಯವನ ಹೆಂಡತಿ ಮಾಂಸ ತರಿಸಿದ್ದು

ಅವಳ ಗಂಡ ಮೂವತ್ತೆಂಟು ವರ್ಷ ಮಾಂಸ ಕಡಿದು ಮಾರಿದ. ಅಷ್ಟು ವರ್ಷದಲ್ಲಿ ಅವಳು ಒಂದು ದಿನವೂ ಅಂಗಡಿ ಮುಂದೆ ನಿಂತು ಮಾಂಸ ಕೊಂಡವಳಲ್ಲ. ಅವನು ತೀರಿಹೋಗಿ ನಾಲ್ಕು ತಿಂಗಳಾಗಿತ್ತು. ಅಂಗಡಿಯಲ್ಲಿ ಈಗ ಯಾರೋ ಮೊಬೈಲ್ ರಿಪೇರಿಯವನು ಕೂತಿದ್ದ. ಆ ಬೀದಿಗೆ ಕಾಲಿಡುವುದನ್ನೇ ಅವಳು ಬಿಟ್ಟಳು.

ಒಲೆ ಹಚ್ಚುವುದನ್ನೂ ಬಿಟ್ಟಳು. ಬ್ರೆಡ್ಡು, ಚಹಾ, ಮತ್ತೆ ಬ್ರೆಡ್ಡು. ಬೆರಳಿನ ಉಂಗುರ ಜಾರಿ ಬೀಳತೊಡಗಿತು. ಅದಕ್ಕೆ ದಾರ ಸುತ್ತಿಕೊಂಡಳು.

ಮಗಳು ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ಕೆಲಸದವಳು. ರಜೆಯ ದಿನ ಬಂದವಳು ಫ್ರಿಜ್ ತೆರೆದು ನೋಡಿದಳು. ಆಮೇಲೆ ಆ ದಾರ ನೋಡಿದಳು.

"ನೋಡಮ್ಮ, ಒಂದೋ ಬೇಯಿಸ್ಕೊಂಡು ತಿನ್ನು, ಇಲ್ಲಾ ಮನೆ ಖಾಲಿ ಮಾಡಿ ನನ್ನ ಜೊತೆ ಬಾ. ಒಂದು ತಿಂಗಳು ನೋಡ್ತೀನಿ."

ಮಗಳ ಮನೆಯೆಂದರೆ ಎರಡು ಕೋಣೆ, ಮೂರು ಮಕ್ಕಳು, ಕತ್ತಿಗಿಂತ ಹರಿತ ಬಾಯಿಯ ಒಬ್ಬಳು ಅತ್ತೆ. ಇಲ್ಲಿ ಅಡುಗೆಮನೆ ಬಾಗಿಲ ಹಿಂದೆ ಅವನ ಮಸೆಗಲ್ಲು ಇತ್ತು. ಅದನ್ನು ಬಿಟ್ಟು ಹೋಗಲು ಅವಳಿಗೆ ಮನಸ್ಸಿರಲಿಲ್ಲ.

ಮಗಳೇ ಫೋನಿನಲ್ಲಿ ಒಂದು ಆ್ಯಪ್ ಹಾಕಿಕೊಟ್ಟಳು. ವಾರವಾರ ಮಾಂಸ ಮನೆಗೇ ಬರುತ್ತದಂತೆ. ಯಾವ ಡಬ್ಬ ಬೇಕೆಂದು ಆರಿಸಬೇಕು, ಅಷ್ಟೆ. ಚಿಕ್ಕ ಕುಟುಂಬದ ಡಬ್ಬ, ದೊಡ್ಡ ಕುಟುಂಬದ್ದು, ಜಿಮ್ಮಿಗೆ ಹೋಗುವವರದ್ದು. ತಾನು ಕುಸ್ತಿಗೆ ಹೋಗುವುದಿಲ್ಲವೆಂದು ಹೇಳಿ ಚಿಕ್ಕ ಕುಟುಂಬದ ಮೇಲೆ ಬೆರಳಿಟ್ಟಳು. ಚಿತ್ರದಲ್ಲಿದ್ದದ್ದೆಲ್ಲ ಮೂಳೆ ಇಲ್ಲದ ತುಂಡು, ಸೋಪಿನ ಹಾಗೆ ಒಂದೇ ಅಳತೆ. ಯಾವುದು ತೊಡೆಯದು, ಯಾವುದು ಬೆನ್ನಿನದು ಎಂದು ನೋಡಿದೊಡನೆ ಹೇಳಬಲ್ಲಳು. ಅಂಥ ತುಂಡು ಬೇಯಿಸಿ ಮಾತ್ರ ಗೊತ್ತಿರಲಿಲ್ಲ. ಒಳ್ಳೆಯ ಮಾಂಸ ಗಿರಾಕಿಗೆ. ಶಟರ್ ಎಳೆದ ಮೇಲೆ ಮನೆಗೆ ಬರುತ್ತಿದ್ದದ್ದು ಕುತ್ತಿಗೆ, ಮೊಣಕಾಲಿನ ಮೂಳೆ, ಪಕ್ಕೆಯ ತುದಿ.

ಮೊದಲ ಡಬ್ಬ ಬಂತು. ಕೈ ಕಲಿತಂತೆ ಸಣ್ಣ ಉರಿಯಲ್ಲಿ ಎರಡು ಗಂಟೆ ಬೇಯಿಸಿದಳು. ಮಾಂಸ ಹಗ್ಗವಾಯಿತು. ಅಗಿದು ಅಗಿದು ದವಡೆ ಸೋತಿತು. ಎರಡನೇ ವಾರವೂ ಅದೇ ಗತಿ. ಮೂರನೆಯದನ್ನು ಬಿಚ್ಚಲೂ ಇಲ್ಲ, ಪಕ್ಕದ ಮನೆಯವಳಿಗೆ ಕೊಟ್ಟಳು. ಅವಳು ಸುಮ್ಮನಿರದೆ ಮಗಳಿಗೆ ಫೋನ್ ಮಾಡಿ, ನಿಮ್ಮಮ್ಮನ ಕೈ ಧಾರಾಳ ಎಂದು ಹೊಗಳಿದಳು. ಬರುವ ರಜೆಗೆ ಪೆಟ್ಟಿಗೆ ಕಟ್ಟಲು ಬರುತ್ತೇನೆಂದು ಮಗಳು ತಿಳಿಸಿದಳು.

ಅವಳು ಕಂಪನಿಗೆ ಫೋನ್ ಮಾಡಿ ಕುತ್ತಿಗೆ ಕೇಳಿದಳು. ಆ ಕಡೆಯ ಹುಡುಗಿ ತುಂಬಾ ಹೊತ್ತು ಹುಡುಕಿದಳು.

"ಅಡುಗೆ ಲಿಸ್ಟಲ್ಲಿ ಇಲ್ಲ ಆಂಟಿ. ಕುತ್ತಿಗೆ, ಮೂಳೆ ಎಲ್ಲ ನಾಯಿ ಡಬ್ಬಕ್ಕೆ ಹೋಗುತ್ತೆ."

"ಕುರಿ ಬೇರೆನಾ?"

"ಇಲ್ಲ, ಅದೇ ಕುರಿ. ಅದೇ ದಿನದ್ದು."

"ಹಾಗಾದ್ರೆ ಅದನ್ನೇ ಕಳ್ಸು."

ಹುಡುಗಿ ಎಷ್ಟು ನಾಯಿ ಎಂದು ಕೇಳಿದಳು. ಒಂದು ಎಂದಳು. ವಯಸ್ಸು ಕೇಳಿದಳು. ಅರವತ್ತೆರಡು ಎಂದಳು.

"ವಯಸ್ಸಾದ ನಾಯಿ ಅಂತ ಬರ್ಕೊಳ್ತೀನಿ ಆಂಟಿ."

ಮಗಳು ಬಂದಾಗ ಮೆಟ್ಟಿಲಿನವರೆಗೂ ಮೂಳೆ ಸಾರಿನ ವಾಸನೆ ಇತ್ತು. ಖಾಲಿ ಚೀಲಗಳನ್ನು ಬಾಗಿಲಲ್ಲೇ ಬಿಟ್ಟು ಒಳಗೆ ಬಂದಳು. ತಟ್ಟೆ ಹಾಕುತ್ತಿರುವಾಗಲೇ ಫೋನ್ ಸದ್ದು ಮಾಡಿತು. ಮಗಳೇ ತೆಗೆದು ಓದಿದಳು. ನಿಮ್ಮ ನಾಯಿಗೆ ಊಟ ಹಿಡಿಸಿತೇ ಎಂದು ಕೇಳಿದ್ದರು.

"ಅಮ್ಮ, ಇದು ನಾಯಿದು."

"ನಿನ್ನ ಸಾಕಿದ್ದೂ ಇದ್ರಲ್ಲೇ. ಕೂತ್ಕೋ."

ಮಗಳು ಕೂತಳು. ಮೊಣಕಾಲಿನ ಮೂಳೆ ತೆಗೆದುಕೊಂಡು ತಟ್ಟೆಯ ಅಂಚಿಗೆ ಎರಡು ಸಲ ಕುಟ್ಟಿದಳು, ಹೀರಿದಳು, ಮತ್ತೆ ಕುಟ್ಟಿದಳು. ಅವನೂ ಹಾಗೇ ಕುಟ್ಟುತ್ತಿದ್ದ. ತಾಯಿ ಒಲೆ ಕಡೆ ತಿರುಗಿ ನಿಂತಳು. ಆರಿದ ಒಲೆಯನ್ನು ಮತ್ತೊಮ್ಮೆ ಆರಿಸಿದಳು.

"ನೀನೂ ತಿನ್ನು," ಎಂದಳು ಮಗಳು. ಅವಳು ತಿಂದಳು. ಎರಡು ಸಲ ಬಡಿಸಿಕೊಂಡಳು.

ಪೆಟ್ಟಿಗೆಯ ಮಾತು ಬರಲಿಲ್ಲ. ಹೊರಡುವಾಗ ಮಗಳು ಫೋನ್ ತೆಗೆದುಕೊಂಡು, ನಾಯಿ ಒಂದು ಎಂದಿದ್ದಲ್ಲಿ ಎರಡು ಮಾಡಿದಳು.

"ರಜೆ ದಿನ ನಾನೂ ಬರ್ತೀನಿ." ಖಾಲಿ ಚೀಲ ಮಡಚಿಕೊಂಡು ಇಳಿದುಹೋದಳು.

ಅವಳು ಪಾತ್ರೆ ತಿಕ್ಕಿದಳು. ಮೂಳೆಗಳನ್ನು ಕಾಗದದಲ್ಲಿ ಸುತ್ತಿದಳು. ಬೀದಿ ನಾಯಿಗೆ ಹಾಕಬೇಕಿತ್ತು. ಮೆಟ್ಟಿಲಿಳಿಯಲು ಕಾಲು ಬರಲಿಲ್ಲ. ನಾಳೆ ಹಾಕಿದರಾಯಿತೆಂದು ಬಾಗಿಲ ಹಿಂದೆ ಮಸೆಗಲ್ಲಿನ ಪಕ್ಕ ಇಟ್ಟು ಮಲಗಿದಳು.